ತುತ್ತಿನ ಮೇಷ್ಟ್ರು ಮತ್ತು ಐದು ಡಬ್ಬಿಗಳು

ತುತ್ತಿನ ಮೇಷ್ಟ್ರು ಯಾರನ್ನೂ ಮೊದಲು ಮುಖ ನೋಡಿ ಗುರುತಿಸಿದವರಲ್ಲ. ಅವರ ಕಣ್ಣು ಹೋಗುತ್ತಿದ್ದದ್ದು ತಟ್ಟೆಗೆ. ಎದುರಿಗಿದ್ದವರು ಉಣ್ಣಲು ತೊಡಗಿದರೆಂದರೆ ಅವರ ಎಡಗೈಯ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣುಗಳ ಮೇಲೆ ಒಂದೊಂದಾಗಿ ಸರಿಯತೊಡಗುತ್ತಿತ್ತು. ಬಾಯಿ ಲೋಕಾಭಿರಾಮ ಮಾತಾಡುತ್ತಿದ್ದರೂ ಬೆರಳು ಮಾತ್ರ ತುತ್ತಿನ ಲೆಕ್ಕ ತಪ್ಪುತ್ತಿರಲಿಲ್ಲ. ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ಅವರಿಗೆ ಈ ಹೆಸರು ಬಂದದ್ದೇ ಹಾಗೆ. ಒಮ್ಮೆ ಬೀಳ್ಕೊಡುಗೆಯ ಊಟದಲ್ಲಿ ಲೈಬ್ರರಿಯನ್ ಕೈ ತೊಳೆದು ಬಂದವರೇ ಕೇಳಿದರು: "ಏನ್ ಮೇಷ್ಟ್ರೇ, ನಂದು ಎಷ್ಟಕ್ಕೆ ಬಂತು?"

"ನಲವತ್ತೊಂದು. ಬಾಯಿ ಮುಚ್ಕೊಂಡು ತಿಂದಿದ್ರೆ ಮೂವತ್ತಕ್ಕೆ ನಿಲ್ತಿತ್ತು."

"ಹಾಗಾದ್ರೆ ಆ ಹನ್ನೊಂದು ನಿಮ್ಮ ತಲೆಗೇ ಬಿಡಿ. ಮಾತಿಗೆ ಎಳೆದೋರು ನೀವೇ!"

ಮೇಷ್ಟ್ರೂ ನಕ್ಕರು. ಆದರೆ ಅವರಿಗೆ ಅದು ನಗೆಯ ಸಂಗತಿಯಾಗಿರಲಿಲ್ಲ. ಹಸಿವು ಅರ್ಧ ಹೊಟ್ಟೆಯಲ್ಲಿದ್ದರೆ ಇನ್ನರ್ಧ ಸುತ್ತಮುತ್ತ ಇರುತ್ತದೆ ಎಂಬುದು ಅವರ ಜೀವಮಾನದ ಓದಿನ ಸಾರ. ತಟ್ಟೆ ದೊಡ್ಡದಾದರೆ ಬಡಿಸುವ ಕೈಯೂ ಧಾರಾಳವಾಗುತ್ತದೆ. ಡಬ್ಬ ಕಣ್ಣೆದುರಿಗಿದ್ದರೆ ಹಸಿವಿಲ್ಲದಿದ್ದರೂ ಕೈ ಹೋಗುತ್ತದೆ. ಸ್ನೇಹಿತರ ನಡುವೆ ಕೂತವರು ಒಂಟಿಯಾಗಿ ಕೂತವರಿಗಿಂತ ಹೆಚ್ಚು ಉಣ್ಣುತ್ತಾರೆ. ಬುಧವಾರಗಳಂದು ಮೊಣಕೈ ಸವೆದ ಬೂದು ಕೋಟು ತೊಟ್ಟು, ಎಡಗಾಲನ್ನು ತುಸು ಎಳೆದುಕೊಂಡು ಆಸ್ಪತ್ರೆಯ ಮೆಟ್ಟಿಲು ಹತ್ತಿ ಹೋಗಿ, ಅಲ್ಲಿ ನಾಚಿಕೆಯಿಂದ ಕುಗ್ಗಿ ಕೂತ ದಪ್ಪ ಮೈಯವರಿಗೆ, ಸಕ್ಕರೆ ಕಾಯಿಲೆಯವರಿಗೆ ಹೇಳುತ್ತಿದ್ದರು: "ನಿಮ್ಮ ತಪ್ಪಲ್ಲಮ್ಮ, ತಟ್ಟೆ ತಪ್ಪು. ಮೊದ್ಲು ಅದನ್ನ ಬದಲಾಯಿಸೋಣ." ಆ ಒಂದು ಮಾತಿಗೇ ಎಷ್ಟೋ ಜನ ಕಣ್ಣೊರೆಸಿಕೊಂಡು ಎದ್ದು ಹೋಗುತ್ತಿದ್ದರು.

ಅವರ ಜೊತೆಗೇ ಇದ್ದ ಅಕ್ಕನಿಗೂ ಸಕ್ಕರೆ ಕಾಯಿಲೆ ಬಂತು. ಅವ್ವ ತೀರಿದ ಮೇಲೆ ತಮ್ಮನನ್ನು ಸಾಕಿದವಳು ಅವಳೇ. ಛಾಪಖಾನೆಯ ಬೈಂಡಿಂಗ್ ವಿಭಾಗದಲ್ಲಿ ಮೂವತ್ತು ವರ್ಷಗಳಿಂದ ಹಾಳೆ ಮಡಚುವ ಕೆಲಸ. ಅಲ್ಲಿ ಅವಳೂ ಸೇರಿ ಐವರು ಹೆಂಗಸರು. ಒಂದು ಗಂಟೆಗೆ ಗಂಟೆ ಬಾರಿಸಿದೊಡನೆ ಉದ್ದನೆಯ ಮೇಜಿನ ಮೇಲೆ ರದ್ದಿ ಹಾಳೆ ಹಾಸಿ ಊಟದ ಡಬ್ಬಿ ಬಿಚ್ಚುತ್ತಿದ್ದರು. ಅವರದೊಂದು ಕಟ್ಟಳೆಯಿತ್ತು: ತನ್ನ ಡಬ್ಬಿಯ ಮೊದಲ ತುತ್ತನ್ನು ಯಾರೂ ತಾನೇ ತಿನ್ನುವಂತಿಲ್ಲ, ಬಲಗಡೆಯವಳಿಗೆ ಚಾಚಬೇಕು. ಹಾಗೆ ಡಬ್ಬಿಗಳು ಮೇಜು ಸುತ್ತುವಾಗ ಗಂಡಂದಿರ ದೂರು, ಸೊಸೆಯಂದಿರ ಚಾಡಿ, ಮೊಣಕಾಲಿನ ನೋವು ಎಲ್ಲವೂ ಜೊತೆಗೆ ಸುತ್ತುತ್ತಿದ್ದವು.

ಮೇಷ್ಟ್ರು ಇದನ್ನು ಕೇಳಿದವರೇ ತೀರ್ಮಾನ ಕೊಟ್ಟುಬಿಟ್ಟರು. "ಅಕ್ಕ, ನಿನ್ನ ಸಕ್ಕರೆ ಇರೋದು ಆ ಮೇಜಿನ ಮೇಲೆ. ನಾನು ಹೇಳಿದ್ದಷ್ಟೇ ಕಟ್ಕೊಂಡು ಹೋಗು, ಹನ್ನೆರಡೂವರೆಗೇ ಒಬ್ಬಳೇ ಕೂತು ತಿಂದುಬಿಡು."

"ಅವರೇನಂದ್ಕೊಳ್ಳಲ್ವೇನೋ?"

"ಏನಾದ್ರೂ ಅಂದ್ಕೊಳ್ಳಲಿ. ಮಾತ್ರೆ ನುಂಗೋಳು ನೀನು ತಾನೇ?"

ತಮ್ಮನ ಓದಿನ ಮೇಲೆ ಅಕ್ಕನಿಗೆ ಎಂಥ ಅಭಿಮಾನವೆಂದರೆ, ಅವಳು ಮರುದಿನವೇ ಕಾಗದದ ಉರುಳೆಗಳ ಹಿಂದೆ ಸ್ಟೂಲು ಹಾಕಿಕೊಂಡು ಗೋಡೆಗೆ ಮುಖಮಾಡಿ ಕೂತಳು. ಮೂರು ತಿಂಗಳಲ್ಲಿ ಸಕ್ಕರೆ ಇಳಿಯಿತು, ತೂಕವೂ ಇಳಿಯಿತು. ಮೇಷ್ಟ್ರು ಆ ಇಳಿಕೆಯ ಗ್ರಾಫನ್ನು ಅಕ್ಕನ ಹೆಸರು ಹೇಳದೆ ತರಗತಿಯಲ್ಲಿ ಎರಡು ಬಾರಿ ತೋರಿಸಿದರು. ಒಂದು ಬೆಳಿಗ್ಗೆ ಡಬ್ಬಿಗೆ ಬೇಯಿಸಿದ ಬೀನ್ಸ್ ತುಂಬುತ್ತ ಅಕ್ಕ ಅಂದಳು: "ಒಬ್ಬಳೇ ಕೂತ್ರೆ ಗಂಟಲಲ್ಲಿ ಇಳಿಯಲ್ಲ ಕಣೋ."

"ಒಳ್ಳೇದೇ ಆಯ್ತಲ್ಲ! ಇಳೀಲಿಲ್ಲ ಅಂದ್ರೆ ಸಕ್ಕರೆ ಏರೋದೂ ಇಲ್ಲ," ಎಂದು ಮೇಷ್ಟ್ರು ನಕ್ಕುಬಿಟ್ಟರು. ಅವಳೂ ನಕ್ಕಳು. ಆ ನಗುವನ್ನು ಅವರು ಒಪ್ಪಿಗೆಯೆಂದು ತಿಳಿದರು.

ಅಸಲಿಗೆ ಅವಳು ಮಧ್ಯಾಹ್ನ ತಿನ್ನುವುದನ್ನೇ ಬಿಟ್ಟಿದ್ದಳು. ಡಬ್ಬಿಯನ್ನು ಕಸದ ಬುಟ್ಟಿಗೆ ಸುರಿದು, ತೊಳೆದು, ಒರೆಸಿ ಮನೆಗೆ ತರುತ್ತಿದ್ದಳು. ಮಾತ್ರೆಯನ್ನು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ಬರಿಹೊಟ್ಟೆಯ ಮೇಲಿನ ಮಾತ್ರೆ ಸಕ್ಕರೆಯನ್ನು ತೀರ ಇಳಿಸಿ ಒಂದು ಮಧ್ಯಾಹ್ನ ಅವಳನ್ನು ಕಟಿಂಗ್ ಯಂತ್ರದ ಪಕ್ಕದಲ್ಲೇ ಕೆಡವಿತು. ಯಂತ್ರ ನಿಂತಿದ್ದದ್ದು ಪುಣ್ಯ. ಮೇಷ್ಟ್ರು ಏದುಸಿರು ಬಿಡುತ್ತ ಆಸ್ಪತ್ರೆ ತಲುಪಿದಾಗ ಆ ನಾಲ್ವರೂ ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತಿದ್ದರು, ಕೈಗೆ ಮೆತ್ತಿದ ಅಂಟು ಅಲ್ಲೇ ಒಣಗಿತ್ತು. ಅವರಲ್ಲಿ ಹಿರಿಯಳಾದ, ಪುಸ್ತಕ ಹೊಲಿಯುವ ದೊಡ್ಡಮ್ಮ ಎದ್ದು ನಿಂತಳು.

"ನಮ್ಮ ಮೇಲೇನೋ ಮುನಿಸು ಅಂದ್ಕೊಂಡು ನಾವೂ ಬಿಗುಮಾನ ಮಾಡಿದ್ವಿ ಸಾರ್. ಕಾಯಿಲೆ ಅಂತ ಇವತ್ತು ಡಾಕ್ಟ್ರು ಹೇಳಿದ್ಮೇಲೇ ಗೊತ್ತಾಗಿದ್ದು. ಮೊದ್ಲೇ ಹೇಳಿದ್ರೆ ಐದು ಡಬ್ಬಿಗೂ ಅವಳ ಊಟಾನೇ ಕಟ್ಕೊಂಡು ಬರ್ತಿದ್ವಲ್ಲ? ನನಗೂ ಬಿಪಿ ಇದೆ, ಇವಳ ಮೈ ನೋಡಿ, ಇವಳಿಗೇನು ಕಮ್ಮಿ ತಿಂದ್ರೆ ನಷ್ಟವಾ? ಒಂದು ಮಾತು ಕೇಳ್ಬಾರ್ದಿತ್ತಾ?"

ಬೆಂಚಿನ ತುದಿಯಲ್ಲಿದ್ದ ದಪ್ಪನೆಯವಳು ಅಳುತ್ತಲೇ, "ನನ್ನ ಮೈ ವಿಷ್ಯ ಈಗ್ಯಾಕೆ ದೊಡ್ಡಮ್ಮ," ಎಂದಳು.

ಮೇಷ್ಟ್ರಿಗೆ ಉತ್ತರ ಗೊತ್ತಿತ್ತು. ಅದು ಅವರದೇ ಪಾಠದಲ್ಲಿತ್ತು. ಹೆಚ್ಚು ಉಣ್ಣಿಸುವ ಗುಂಪೇ ಮನಸ್ಸು ಮಾಡಿದರೆ ಕಡಿಮೆಯನ್ನೂ ಉಣ್ಣಿಸಬಲ್ಲದು ಎಂದು ಎಷ್ಟೋ ವರ್ಷ ಪಾಠ ಹೇಳಿದ್ದರು. ಆದರೂ ಆ ಮೇಜನ್ನು ರೋಗದ ಕಾರಣವೆಂದು ಬಗೆದರೇ ಹೊರತು ಮದ್ದಾದೀತೆಂದು ಎಣಿಸಲಿಲ್ಲ.

ಅಕ್ಕ ಬದುಕಿ ಬಂದಳು, ಆದರೆ ಕೆಲಸಕ್ಕೆ ಮರಳಲಿಲ್ಲ. "ತಿಂಗಳಾನುಗಟ್ಟಲೆ ಬೆನ್ನು ತಿರುಗಿಸಿ ಕೂತೋಳು ಈಗ ಯಾವ ಮುಖ ಇಟ್ಕೊಂಡು ಡಬ್ಬಿ ಚಾಚ್ಲಿ?" ಎಂದಳು. ದೊಡ್ಡಮ್ಮ ಎರಡು ಸಲ ಕರೆಯಲು ಬಂದಳು. ಮೂರನೆಯ ಸಲ ಬರಲಿಲ್ಲ. ಮೇಷ್ಟ್ರು ಕಾಲೇಜಿನ ಮಧ್ಯಾಹ್ನದ ತರಗತಿಗಳನ್ನು ಬಿಟ್ಟುಕೊಟ್ಟು, ಊಟದ ಹೊತ್ತಿಗೆ ಮನೆಗೆ ಬಂದು ಅಕ್ಕನ ಎದುರು ಕೂರತೊಡಗಿದರು. ನಾಲ್ಕು ದಿನ ನೋಡಿ ಅವಳು ಮೆಲ್ಲನೆ ಅಂದಳು: "ನೀನು ಒಳಗೆ ಹೋಗಿ ಉಣ್ಣು ಹೋಗೋ. ನೀನು ಎದುರಿಗಿದ್ರೆ ಪರೀಕ್ಷೆ ಬರೆದ ಹಾಗಾಗುತ್ತೆ." ಅವರು ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದರು. ಅಂದಿನಿಂದ ಆ ಮನೆಯಲ್ಲಿ ಇಬ್ಬರು ಒಂದೇ ಹೊತ್ತಿಗೆ, ಒಂದು ಗೋಡೆಯ ಆಚೆ ಈಚೆ ಉಣ್ಣುತ್ತಾರೆ.

ಮೇಷ್ಟ್ರಂಥವರನ್ನು ಕಲ್ಲೆದೆಯವರೆಂದರೆ ಅನ್ಯಾಯವಾದೀತು. ತಮ್ಮ ವಿದ್ಯೆಯನ್ನು ಅವರು ಪ್ರೀತಿಯಿಂದಲೇ ಮನೆಗೆ ತರುತ್ತಾರೆ. ಆದರೆ ಅಪರಿಚಿತರಿಗೆ ಒದಗುವ ಅವರ ತಾಳ್ಮೆ ತಮ್ಮವರ ಪಾಲಿಗೆ ಒದಗುವುದಿಲ್ಲ. ರೋಗಿಯಾಗಿ ಬಂದವರನ್ನು ಇಪ್ಪತ್ತು ಪ್ರಶ್ನೆ ಕೇಳುತ್ತಾರೆ. ಒಡಹುಟ್ಟಿದವರಿಗೆ, ಅವರನ್ನು ಬಲ್ಲೆವೆಂಬ ಭರವಸೆಯಲ್ಲಿ, ನೇರವಾಗಿ ಉತ್ತರವನ್ನೇ ಕೊಟ್ಟುಬಿಡುತ್ತಾರೆ.