ಕೊನೆಯ ಹೊಲಿಗೆ

ದರ್ಜಿಗೆ ಗೊತ್ತಿದ್ದದ್ದು ಒಂದೇ ಶಾಸ್ತ್ರ: ಬಟ್ಟೆ ಎಲ್ಲಾದರೂ ಎಳೆದುಕೊಂಡರೆ ಕೊನೆಗೆ ಹಾಕಿದ ಹೊಲಿಗೆಯನ್ನು ಮೊದಲು ಬಿಚ್ಚು. ಮೂವತ್ತು ವರ್ಷ ಅದೇ ಅವನ ಮಾನ ಕಾಪಾಡಿತ್ತು. ಅದನ್ನೇ ಮೈಗೂ ಅನ್ವಯಿಸಲು ಹೋದದ್ದು, ಪುಣ್ಯಾತ್ಮ, ಅವನ ಎಡವಟ್ಟು.

ಹದಿನೆಂಟು ವರ್ಷದಿಂದ ಸಕ್ಕರೆ ಕಾಯಿಲೆಗೆ ದಿನಕ್ಕೆರಡು ಬಿಳಿ ಮಾತ್ರೆ ನುಂಗುತ್ತಿದ್ದ. ಈಗೀಗ ಪಾದ ಜೋಮು ಹಿಡಿದು, ಹೊಲಿಗೆ ಮೆಷಿನ್ನಿನ ಪೆಡಲ್ ಮೇಲೆ ಕಾಲಿದೆಯೋ ಇಲ್ಲವೋ ಎಂದು ಬಗ್ಗಿ ನೋಡಿಕೊಳ್ಳಬೇಕಿತ್ತು. ಹೊಲಿಗೆ ಅಂಕುಡೊಂಕಾಗುತ್ತಿತ್ತು. ಕಾಲು ಹೋದರೆ ಕಸುಬೂ ಹೋದಂತೆಯೇ; ಬೇರೆ ವಿದ್ಯೆ ಅವನಿಗೆ ಬಾರದು.

ಕಾರಣ ಕೇಳಿದರೆ ಆಳಿಗೊಂದು ಮಾತು. ಎಲ್ಲಾ ಕಾಯಿಲೆಯದೇ ಕಿತಾಪತಿ ಎಂದಳು ಹೆಂಡತಿ. ಅವಳ ತಮ್ಮನೋ, ಅರ್ಧಂಬರ್ಧ ಓದಿಕೊಂಡ ಪಂಡಿತ. ವರ್ಷಗಟ್ಟಲೆ ತಿಂದ ಮಾತ್ರೆ ಒಳಗೊಳಗೇ ಮನುಷ್ಯನನ್ನು ತಿಂದುಹಾಕುತ್ತದೆ ಭಾವ, ಎಂದು ಹೆದರಿಸಿದ. ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, ಬಿಳಿಯದನ್ನು ಬಿಡಬೇಡಿ ಎಂದು ಜೊತೆಗೊಂದು ಕೆಂಪು ಮಾತ್ರೆ ಬರೆದುಕೊಟ್ಟರು. ಯಾಕೆಂದೂ ಹೇಳಿದ್ದರು, ಇವನ ತಲೆಯಲ್ಲಿ ಮಾತ್ರ ಭಾವಮೈದನ ಮಾತೇ ಗುಂಯ್‌ಗುಡುತ್ತಿತ್ತು.

ಒಂದು ತಿಂಗಳು ಕೆಂಪು ಮಾತ್ರೆ ನುಂಗಿದ. ಜೋಮು ಇಳಿಯಲಿಲ್ಲ, ಮೇಲಾಗಿ ಪಾದ ಚುರುಚುರು ಅನ್ನತೊಡಗಿತು. ಅತ್ತ ದರಿ ಇತ್ತ ಪುಲಿ. ಬಿಳಿಯದನ್ನು ಬಿಟ್ಟರೆ ಸಕ್ಕರೆ ಏರುತ್ತದೆ, ತಿಂದರೆ ಅದು ತನ್ನನ್ನೇ ತಿನ್ನುತ್ತದೆ, ಬಿಚ್ಚಬೇಕಾದ್ದು ಯಾವುದು? ಕೊನೆಗೆ ಹಾಕಿದ್ದು ಕೆಂಪು ತಾನೇ! ಅಂದಿನಿಂದ ಹೆಂಡತಿ ಕೈಗಿಟ್ಟ ಕೆಂಪು ಮಾತ್ರೆಯೆಲ್ಲ ಗುಂಡಿ ಡಬ್ಬಿಗೆ ಬಿತ್ತು. ಬಿಸಾಡಲು ಮನಸ್ಸು ಬರಲಿಲ್ಲ. ಚೂರು ಬಟ್ಟೆಯನ್ನೂ ಎತ್ತಿಡುವ ಜಾತಿ ಅವನದು.

ಐದು ತಿಂಗಳ ಮೇಲೆ ಹೆಂಡತಿ ಅವನ ಹಿಮ್ಮಡಿಯಲ್ಲಿ ಮುರಿದ ಸೂಜಿ ಕಂಡಳು. ಯಾವಾಗ ಚುಚ್ಚಿತೆಂದು ಅವನಿಗೇ ಗೊತ್ತಿರಲಿಲ್ಲ. ಅಳುತ್ತಲೇ ಬೈದು, ಎಳೆದುಕೊಂಡು ಹೋಗಿ ಡಾಕ್ಟರಮ್ಮನ ಮುಂದೆ ಕೂರಿಸಿದಳು. ಸೂಜಿ ತೆಗೆಸಿಕೊಂಡ ಮೇಲೆ ದರ್ಜಿ ತಲೆ ತಗ್ಗಿಸಿ ಗುಂಡಿ ಡಬ್ಬಿಯ ಗುಟ್ಟು ಒಪ್ಪಿಕೊಂಡ.

"ಬಿಳೀದು ನಿಮ್ಮ ಸಕ್ಕರೆ ಹಿಡಿದಿಟ್ಟಿದೆ, ಕಿಡ್ನಿನೂ ಚೆನ್ನಾಗಿದೆ," ಎಂದರು ಡಾಕ್ಟರಮ್ಮ. "ಆದ್ರೆ ವರ್ಷಗಟ್ಲೆ ತಗೊಂಡ್ರೆ ಕೆಲವರಿಗೆ ಒಂದು ವಿಟಮಿನ್ ಕಮ್ಮಿಯಾಗಿ ನರ ಸೊರಗತ್ತೆ. ಅದನ್ನ ತುಂಬೋಕೇ ಕೆಂಪು ಮಾತ್ರೆ ಕೊಟ್ಟಿದ್ದು. ನರ ಚೇತರಿಸ್ಕೊಳ್ಳೋವಾಗ ಕೆಲವರಿಗೆ ಮೊದಮೊದಲು ಚುರುಚುರು ಅನ್ನತ್ತೆ."

ದರ್ಜಿಗೆ ತಲೆ ಗಿರ್ರೆಂದಿತು. "ಹಂಗಾದ್ರೆ ಬಿಳೀದು ಒಳ್ಳೇದೋ ಕೆಟ್ಟದ್ದೋ? ಒಂದು ಹೇಳ್ಬಿಡಿ."

"ಒಳ್ಳೇದೇ. ಆದ್ರೆ ನುಂಗಿ ಮರೆತುಬಿಡೋ ಹಂಗಿಲ್ಲ, ವರ್ಷಾವರ್ಷ ರಕ್ತ ನೋಡಿಸ್ತಿರಬೇಕು."

ಇನ್ನು ಕೆಂಪು ಮಾತ್ರೆ ನಂಬಿ ಕೂರುವಂತಿಲ್ಲವೆಂದು ಅದೇ ವಿಟಮಿನ್ನಿನ ಇಂಜೆಕ್ಷನ್ ಬರೆದರು. ಕಾಲಿನ ಸ್ಪರ್ಶ ಪೂರ್ತಿ ಬರುತ್ತದೆಯೇ ಎಂದು ಹೆಂಡತಿ ಕೇಳಿದಾಗ, ತಡವಾಗಿದೆ, ನೋಡೋಣ ಎಂದಷ್ಟೇ ಅಂದರು.

ಮನೆಗೆ ಬಂದದ್ದೇ ಹೆಂಡತಿ ಗುಂಡಿ ಡಬ್ಬಿಯನ್ನು ಅವನ ಮುಂದೆ ಕುಕ್ಕಿ, ಮಾತ್ರೆಯೆಲ್ಲ ಆರಿಸಿ ಎಸೆಯಿರಿ ಎಂದಳು. ಅವಳನ್ನು ನಗಿಸಿ ಕೋಪ ಇಳಿಸೋಣವೆಂದು ಅವನು ತನ್ನ ಹಳೆಯ ಆಟಕ್ಕೆ ಕೂತ. ಕಣ್ಣು ಮುಚ್ಚಿ ಗುಂಡಿಯ ತೂತು ಎಣಿಸಿ ಹೇಳುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಒಂದನ್ನು ಎತ್ತಿ ಹೆಬ್ಬೆರಳಲ್ಲಿ ತೀಡಿದ. ಎರಡು ತೂತೋ ನಾಲ್ಕೋ? ಮತ್ತೆ ತೀಡಿದ. ಅದು ಗುಂಡಿಯೋ ಮಾತ್ರೆಯೋ ಎಂಬುದೇ ತಿಳಿಯಲಿಲ್ಲ. ಅವನಿಗೆ ಭಯವಾಯಿತು. ಕಣ್ಣು ಬಿಡದೆಯೇ ಅದನ್ನು ಅವಳತ್ತ ಚಾಚಿದ.

"ಇದು ಏನೇ?" ಎಂದು ಕೇಳಿದ.

ಆಟವೆಂದುಕೊಂಡ ಹೆಂಡತಿ ನಕ್ಕುಬಿಟ್ಟಳು.