ಮರೆವ್ವನ ಕಾಲುಂಗುರ

ಲಗ್ಗೆರೆಯ ಬಾಡಿಗೆ ಕೋಣೆಯಲ್ಲಿ ಅಂದು ಬೆಳಗ್ಗೆ ಆಸ್ಪತ್ರೆಯವರು ಕೊಟ್ಟ ಸೋಪಿನ ವಾಸನೆ ತುಂಬಿತ್ತು. ಇಟ್ಟಿಗೆ ಹೊತ್ತು ಸವೆದ ಮರೆವ್ವನ ಮಂಡಿಗೆ ಲೋಹದ ಕೀಲು ಕೂರಿಸುವ ದಿನವದು. ಗೋಡೆ ಹಿಡಿಯದೆ ನಾಲ್ಕು ಹೆಜ್ಜೆ ನಡೆದರೆ ಸಾಕೆಂಬುದು ಅವಳ ಆಸೆ. ಮಿಂದು ಬಂದವಳು ಕಾಲುಂಗುರದ ಸುತ್ತ ಅರಿಸಿನ ಮೆತ್ತುತ್ತ ಗಂಡನತ್ತ ನೋಡಿದಳು.

“ಬೆರಳು ಭಾಳ ನೋಯಾಕತ್ತೈತ್ರಿ. ಉಂಗರ ತಗದಿಡ್ಲೇನು?”

“ಯಾಕ, ನಾ ಸತ್ತೀನೇನು?” ಎಂದು ಚನಬಸಪ್ಪ ನಕ್ಕ. ಅವಳು ನಗಲಿಲ್ಲ.

ವಾರ್ಡಿನಲ್ಲಿ ನರ್ಸ್ ಶ್ಯಾಮಲಾ ಕೇಳಿದರು: “ಅಮ್ಮಾ, ಮೈಮೇಲೆ ಎಲ್ಲಾದ್ರೂ ಗಾಯ, ಕುರು, ಕೀವು ಇದ್ಯಾ?”

“ಏನೂ ಇಲ್ರಿ ಮೇಡಂ,” ಎಂದ ಚನಬಸಪ್ಪ. ಹಿಂದಿನ ಸಲ ತಪಾಸಣೆಗೆ ಬಂದಾಗಲೂ ಉತ್ತರ ಅವನದೇ ಆಗಿತ್ತು.

“ಯಜಮಾನ್ರೇ, ಮಂಡಿ ನಿಮ್ದಾ, ಅವ್ರದ್ದಾ?”

ಪಕ್ಕದ ಹಾಸಿಗೆಯವರು ನಕ್ಕರು. ಶ್ಯಾಮಲಾ ಮರೆವ್ವನ ಕಾಲ್ಬೆರಳಿನ ಅರಿಸಿನ ಒರೆಸಿ ನೋಡಿದರು. ಉಂಗುರದಡಿಯ ಚರ್ಮ ಬಿಳಿಚಿ, ಒಡೆದು, ಕೀವು ಜಿನುಗುತ್ತಿತ್ತು.

“ಇವತ್ತು ಆಪರೇಷನ್ ಆಗಲ್ಲ. ಮೊದ್ಲು ಉಂಗುರ ತೆಗೆದು ಗಾಯ ವಾಸಿ ಮಾಡ್ಕೋಬೇಕು. ಈ ಸೋಂಕು ರಕ್ತದಲ್ಲಿ ಹೋಗಿ ಹೊಸ ಕೀಲಿಗೆ ಹತ್ಕೊಂಡ್ರೆ, ಹಾಕಿದ್ದನ್ನೇ ಬಿಚ್ಚಿ ತೆಗೀಬೇಕಾಗುತ್ತೆ.”

“ಗಂಡ ಇರೂತನಕ ಕಾಲುಂಗರ ತಗೀಬಾರದ್ರಿ, ನಮ್ಮ ಕಡೆ,” ಎಂದ ಚನಬಸಪ್ಪ.

“ಬೇಡ ಅನ್ನಲ್ಲ ಕಣ್ರೀ. ಗಾಯ ವಾಸಿಯಾದ್ಮೇಲೆ ನೀವೇ ತೊಡಿಸಿ.”

“ನಾ ಹೇಳಬೇಕಂದಿದ್ದೆ ಮೇಡಂ,” ಎಂದಳು ಮರೆವ್ವ. “ಇವ್ರು ಇಲ್ಲ ಅಂದ್ರಂತ ಸುಮ್ನಾದೆ.”

ಆ ಮಾತಿನಲ್ಲಿ ದೂರಿರಲಿಲ್ಲ. ಚನಬಸಪ್ಪನಿಗೆ ಇರಿದದ್ದೇ ಅದು. ಪೀಣ್ಯದ ಕಾರ್ಖಾನೆಯಲ್ಲಿ ಅವನು ಬಣ್ಣ ಹೊಡೆಯುವ ಕೆಲಸದವನು. ಕಬ್ಬಿಣದ ಮೇಲಿನ ಎಣ್ಣೆಯ ಕಲೆ ಒರೆಸದೆ ಬಣ್ಣ ಬಳಿದರೆ, “ಮ್ಯಾಲ ಮುಚ್ಚಿದ್ರ ಒಳಗಿಂದು ಹೋಗ್ತದೇನಲೇ?” ಎಂದು ಜೊತೆಯವರ ಮೇಲೆ ಹರಿಹಾಯುತ್ತಿದ್ದ. ಆ ಮಾತೀಗ ಅವನ ಕಿವಿಯಲ್ಲೇ ಮೊಳಗಿತು. ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಅವನು ಸೋಪಿನ ನೀರು ಕೇಳಿ ತಂದು ಹೆಂಡತಿಯ ಕಾಲಬಳಿ ಕುಳಿತ. ವಾರ್ಡೆಲ್ಲ ನೋಡುತ್ತಿತ್ತು.

“ಬಿಡ್ರಿ, ನೀವು ನನ್ನ ಕಾಲು ಮುಟ್ಟೂದೇನು!” ಎಂದಳು ಮರೆವ್ವ.

ತಲೆಯೆತ್ತದೆ, ನೋಯದಂತೆ ತಿರುಗಿಸುತ್ತ ಉಂಗುರ ಕಳಚಿ ತನ್ನ ಜೇಬಿಗೆ ಹಾಕಿಕೊಂಡ.

ಗಾಯ ಮಾಯುವವರೆಗೆ ದಿನವೂ ಅವನೇ ತೊಳೆದು ಔಷಧಿ ಹಚ್ಚಿದ. ಮತ್ತೆ ಆಸ್ಪತ್ರೆಗೆ ಹೋದಾಗ ಶ್ಯಾಮಲಾ ಅದೇ ಪ್ರಶ್ನೆ ಕೇಳಿ ಅವನತ್ತ ನೋಡಿದರು.

“ಆಕೀನ್ನ ಕೇಳ್ರಿ,” ಎಂದು ಅವನು ಬಾಗಿಲಾಚೆ ಹೋಗಿ ನಿಂತ.

ಒಳಗಿನಿಂದ ಮರೆವ್ವನ ದನಿ ಕೇಳಿಸಿತು: “ದವಡಿ ಹಲ್ಲೊಂದು ಬಾತೈತ್ರಿ ಮೇಡಂ. ಭಾಳ ದಿನ ಆತು.”

ಚನಬಸಪ್ಪ ಆ ಮಾತನ್ನು ಕೇಳಿದ್ದು ಅದೇ ಮೊದಲು. ಜೇಬಿನಲ್ಲಿದ್ದ ಉಂಗುರವನ್ನು ಬಿಗಿಯಾಗಿ ಹಿಡಿದು, ಅವಳು ಹೇಳಿ ಮುಗಿಸುವವರೆಗೂ ಅಲ್ಲೇ ತಲೆ ತಗ್ಗಿಸಿ ನಿಂತಿದ್ದ.