ಬರೆದುಕೊಳ್ಳದ ಮಾತು

"ಕಕ್ಕಸು ತೊಳೆಯೋ ಮುಂಡೇವಕ್ಕೆ ಗ್ಲೌಸು ಬೇಕಂತೆ! ನಾಳೆ ಉಂಗುರಾನೂ ಕೇಳ್ತೀರೇನ್ರೇ?"

ಹೆಡ್‌ಮಾಸ್ಟರ್ ನಮ್ಮ ಮೇಲೆ ಹೀಗೆ ಕಿರುಚಿದಾಗ ಲೆಕ್ಕದ ಟೀಚರು ಪಕ್ಕದಲ್ಲೇ ಇದ್ದರು. "ಆ ಆಸಿಡ್‌ನಲ್ಲಿ ನೀವೇ ಒಂದ್ಸಲ ಕೈ ಅದ್ದಿ ನೋಡಿ ಸಾರ್" ಅಂದುಬಿಟ್ಟರು. ತಗೋ, ಮಾರನೇ ದಿನವೇ ಹೆಡ್‌ಮಾಸ್ಟರ್ ಅವರ ತರಗತಿ ಕಿತ್ತುಕೊಂಡ. ಇಡೀ ದಿನ ವರಾಂಡದ ಬೆಂಚಿನ ಮೇಲೆ ಸುಮ್ಮನೆ ಕೂರಬೇಕು. ಪಾಠ ಮಾಡಕೂಡದು, ಮಕ್ಕಳನ್ನು ಮಾತಾಡಿಸಕೂಡದು.

ನಮಗೆ ಹೊಟ್ಟೆ ಉರಿಯಿತು. ಆದರೆ ಮಾಡೋದೇನು? ನಮಗೆ ಗೊತ್ತಿರೋದು ಒಂದೇ ಕೆಲಸ. ನಾನೂ ನಮ್ಮ ಅತ್ತಿಗೆಯೂ ದಿನಾ ಬೆಳಿಗ್ಗೆ ಮೊದಲು ಆ ಬೆಂಚನ್ನು ಪಳಪಳ ಅನ್ನುವಂತೆ ಒರೆಸಿ, ಆಮೇಲೇ ಹೆಡ್‌ಮಾಸ್ಟರನ ಕೋಣೆಗೆ ಹೋಗುತ್ತಿದ್ದೆವು. ನಮ್ಮ ಹಾಳು ಬುದ್ಧಿ! ಅದೇ ಟೀಚರ ಕುತ್ತಿಗೆಗೆ ಬಂತು. "ನೋಡಿ, ಆಳುಗಳನ್ನ ಎತ್ತಿಕಟ್ಟಿ ಲೀಡರಾಗಿದ್ದಾಳೆ" ಅಂತ ಮೇಲಿನವರಿಗೆ ಚಾಡಿ ಹೋಯಿತು. ವಿಚಾರಣೆಗೆ ಅಧಿಕಾರಿ ಬಂದರು.

ನನ್ನನ್ನು ಕರೆಸಿದರು. ಬಾಗಿಲಲ್ಲೇ ಹೆಡ್‌ಮಾಸ್ಟರ್ ಪಿಸುಗುಟ್ಟಿದ: "ಟೀಚರೇ ಹೇಳಿಕೊಟ್ರು ಅನ್ನು, ಸಾಕು. ನಿನ್ನ ಕೆಲಸ ಉಳಿಯುತ್ತೆ. ಅವಳು ಮನೆಗೆ ಹೋಗ್ತಾಳೆ."

ಒಳಗೆ ಟೀಚರು ಗೋಡೆ ಪಕ್ಕ ನಿಂತಿದ್ದರು. ನನ್ನ ಕಡೆ ನೋಡಲಿಲ್ಲ. ನನಗೆ ಕಷ್ಟವಾಗಬಾರದು ಅಂತ ಇರಬೇಕು.

"ಗ್ಲೌಸು ಕೇಳು ಅಂತ ಯಾರು ಹೇಳಿಕೊಟ್ಟರಮ್ಮ?" ಅಧಿಕಾರಿ ಕೇಳಿದರು.

"ಯಾರೂ ಇಲ್ಲ ಸಾರ್. ಚರ್ಮ ಸುಲೀತು, ಕೇಳಿದೆ."

"ಅದಿರಲಿ. ಟೀಚರು ಏನಂದ್ರು?"

"ನಾನೇ ಅವರ ಹತ್ರ ಹೋಗಿ ಕೈ ತೋರಿಸಿದೆ. ಎತ್ತಿಕಟ್ಟಿದ್ದು ನಾನು ಸಾರ್, ಅವರನ್ನ. ಬರ್ಕೊಳ್ಳಿ."

ಅಧಿಕಾರಿ ನಕ್ಕು ಪೆನ್ನಿನ ಮುಚ್ಚಳ ಹಾಕಿದರು. "ನಿನಗೆಲ್ಲಿಂದ ಬರಬೇಕಮ್ಮ ಅಷ್ಟು ಬುದ್ಧಿ? ಹೋಗು, ಕೆಲಸ ನೋಡು."

ಮೈಯೆಲ್ಲ ಉರಿದುಹೋಯಿತು. ಬೈಗುಳ ತಿಂದು ತಿಂದು ಅಭ್ಯಾಸವಾಗಿತ್ತು, ಈ ನಗು ಮಾತ್ರ ತಡೆಯಲಾಗಲಿಲ್ಲ. ನನ್ನ ಬಾಯಲ್ಲಿ ಬಂದಿದ್ದು ನನ್ನ ಮಾತೇ ಅಂತ ಒಪ್ಪೋಕೂ ಇವರಿಗೆ ಆಗದೇ? ಬಾಗಿಲಿಗೆ ಅಡ್ಡವಾಗಿ ನೆಲದ ಮೇಲೆ ಕೂತುಬಿಟ್ಟೆ.

"ಏಯ್, ಎದ್ದೇಳೇ! ಕೆಲಸ ಹೋಯ್ತು ಅಂದ್ಕೋ!" ಹೆಡ್‌ಮಾಸ್ಟರ್ ಅರಚಿದ.

"ಹೋದ್ರೆ ಹೋಗ್ಲಿ ಬಿಡೋ, ಬೋಳಿಮಗನೇ!"

ಹೊರಗಿಂದ ಅತ್ತಿಗೆ ಬಂದು ನನಗೆ ಅಂಟಿಕೊಂಡು ಕೂತಳು.

"ಬೇಡ್ರಮ್ಮ, ಹೊಟ್ಟೆಪಾಡು ನೋಡ್ಕೊಳ್ಳಿ" ಅಂದರು ಟೀಚರು.

"ನೀವು ಸುಮ್ನಿರಿ ಟೀಚರೇ."

ಅಧಿಕಾರಿ ಬ್ಯಾಗು ಹಿಡಿದು ಬಂದು ನಮ್ಮ ಮುಂದೆ ನಿಂತರು. ಅವರ ಬೂಟು ನನ್ನ ಮೊಣಕಾಲಿಗೆ ತಾಗುತ್ತಿತ್ತು.

"ಬರ್ಕೊಳ್ಳಿ" ಅಂದೆ. "ಇಲ್ಲಾ, ತುಳ್ಕೊಂಡು ಹೋಗಿ."